ಹಾವುಮೀನು: ಗದ್ದೆಯ ತೋಡಿನಿಂದ ಕಡಲಿನವರೆಗೆ

ಕರಾವಳಿ ಮತ್ತು ಮಲೆನಾಡಿನ ರೈತ ಬಾಂಧವರಿಗೆ ಹಾವುಮೀನು ಹೊಸ ಜೀವಿಯಲ್ಲ. ತೋಡಿನ ಕಲ್ಲುಸಂದಿ, ಹೊಳೆಯ ಗುಂಡಿ, ಅಡಿಕೆ ತೋಟದ ಬಸಿಗಾಲುವೆ, ಕೆಲವೊಮ್ಮೆ ಹಳೆಯ ಬಾವಿಯಲ್ಲಿಯೂ ಅದನ್ನು ತಾವು ಕಂಡಿರುತ್ತೀರಿ. ಆದರೆ ಹೊಳೆಯಲ್ಲಿ ಅದರ ಮೊಟ್ಟೆಯನ್ನು ಕಂಡವರು ಯಾರೂ ಇಲ್ಲ. ಎಷ್ಟು ದೊಡ್ಡದನ್ನು ಹಿಡಿದು ಕೊಯ್ದರೂ ಒಳಗೆ ಇತರ ಮೀನುಗಳಲ್ಲಿರುವಂತೆ ತುಂಬಿದ ಮೊಟ್ಟೆಯ ಗೊಂಚಲು ಸಿಗುವುದಿಲ್ಲ. ಕಾರಣ ಸರಳವಾಗಿದೆ: ಹಾವುಮೀನು ಹುಟ್ಟುವುದು ಕಡಲಿನಲ್ಲಿ, ಬೆಳೆಯುವುದು ಸಿಹಿನೀರಿನಲ್ಲಿ, ಮೊಟ್ಟೆಯಿಡಲು ಮರಳುವುದು ಮತ್ತೆ ಕಡಲಿಗೆ. ಆ ಪ್ರಯಾಣವನ್ನು ಅದು ಜೀವಮಾನದಲ್ಲಿ ಒಮ್ಮೆ ಮಾತ್ರ ಮಾಡುತ್ತದೆ, ಮಾಡಿ ಸಾಯುತ್ತದೆ. ಆದ್ದರಿಂದ ತೋಡಿನಲ್ಲಿ ಹಿಡಿದ ಪ್ರತಿಯೊಂದು ಹಾವುಮೀನೂ ಇನ್ನೂ ಸಂತಾನ ಪಡೆಯದ ಮೀನೇ ಆಗಿರುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅದರ ಬೇಟೆ, ಅಡುಗೆ, ಸಾಕಣೆ ಮತ್ತು ನಮ್ಮ ಕಿಂಡಿ ಅಣೆಕಟ್ಟುಗಳ ಬಗೆಗಿನ ಎಲ್ಲ ವಿಚಾರಗಳೂ ಸ್ಪಷ್ಟವಾಗುತ್ತವೆ.

ಈ ಲೇಖಕನು ಬೇಸಾಯಶಾಸ್ತ್ರದವನು. ಮೀನಿನ ವಿಷಯ ಬರೆಯಲು ಕಾರಣವಾದದ್ದು ಭತ್ತದ ಗದ್ದೆಯೇ. ಉಡುಪಿ ಜಿಲ್ಲೆಯ ಒಂದು ಗ್ರಾಮದಲ್ಲಿ ಕ್ಷೇತ್ರೋತ್ಸವ ನಡೆದಾಗ ರೈತರೊಬ್ಬರು ಗದ್ದೆಯ ಬದುವಿನಲ್ಲಿ ನೀರು ಸೋರುವುದಕ್ಕೆ ಹಾವುಮೀನೇ ಕಾರಣವೆಂದು ದೂರಿದರು. ಬದುವನ್ನು ಅಗೆದು ನೋಡಿದಾಗ ಒಳಗಿದ್ದದ್ದು ಏಡಿ. ಅಂದಿನಿಂದ ಈ ಜೀವಿಯ ಬಗ್ಗೆ ಬಂದ ಪ್ರಶ್ನೆಗಳನ್ನು ಗುರುತು ಮಾಡಿಕೊಳ್ಳುತ್ತ ಬಂದಿದ್ದು, ಅವುಗಳಿಗೆ ಇಲ್ಲಿ ಉತ್ತರ ನೀಡಲಾಗಿದೆ.

ಗುರುತಿಸುವುದು ಹೇಗೆ?

ನಮ್ಮಲ್ಲಿ ಉದ್ದನೆಯ, ಲೋಳೆಯಾದ ಯಾವ ಮೀನನ್ನಾದರೂ ಹಾವುಮೀನು ಎಂದು ಕರೆಯುವ ರೂಢಿಯಿದೆ. ಈ ಲೇಖನದಲ್ಲಿ ಹೇಳುತ್ತಿರುವುದು ‘ಅಂಗ್ವಿಲ್ಲಾ’ ಕುಲದ ನಿಜವಾದ ಹಾವುಮೀನಿನ ಬಗ್ಗೆ. ಅದಕ್ಕೆ ಕಿವಿರಿನ ಹಿಂದೆ ಎರಡೂ ಪಕ್ಕದಲ್ಲಿ ಚಿಕ್ಕ ಎದೆರೆಕ್ಕೆಗಳಿರುತ್ತವೆ. ಬೆನ್ನಿನ ರೆಕ್ಕೆ, ಬಾಲ ಮತ್ತು ಹೊಟ್ಟೆಯ ಹಿಂಭಾಗದ ರೆಕ್ಕೆ ಮೂರೂ ಒಂದೇ ಪಟ್ಟಿಯಂತೆ ಕೂಡಿಕೊಂಡಿರುತ್ತವೆ. ಹುರುಪೆ ಇದ್ದರೂ ಅದು ಚರ್ಮದೊಳಗೆ ಹುದುಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ನೀರೊಳ್ಳೆ ಹಾವಿಗೆ ಹುರುಪೆ ಎದ್ದು ಕಾಣುತ್ತದೆ, ರೆಕ್ಕೆ ಇರುವುದಿಲ್ಲ. ಗಾಬರಿಯಿಂದ ಹೊಡೆಯುವ ಮೊದಲು ಇದನ್ನು ಗಮನಿಸಬಹುದು.

ಬೆನ್ನಿನ ಮೇಲೆ ಬಿಡಿಬಿಡಿಯಾದ ಮುಳ್ಳುಗಳ ಸಾಲು ಮತ್ತು ಚೂಪಾದ ಮೂತಿ ಇದ್ದರೆ ಅದು ಮುಳ್ಳುಹಾವುಮೀನು. ಅದು ಬೇರೆಯೇ ವಂಶದ್ದು, ಸಿಹಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಎದೆರೆಕ್ಕೆಯೇ ಇಲ್ಲದೆ, ಗಂಟಲಿನ ಕೆಳಗೆ ಒಂದೇ ಒಂದು ಕಿವಿರು ಸೀಳು ಇದ್ದರೆ ಅದು ಕೆಸರುಹಾವುಮೀನು; ಗದ್ದೆಯ ಕೆಸರಿನಲ್ಲಿ ಬಿಲ ತೋಡಿ, ಗಾಳಿಯನ್ನೇ ಉಸಿರಾಡಿ ಬದುಕಬಲ್ಲದು. ಬದು ಕೊರೆಯುವ ಅಪವಾದ ಸ್ವಲ್ಪಮಟ್ಟಿಗೆ ಸಲ್ಲುವುದಾದರೆ ಇದಕ್ಕೇ ಸಲ್ಲಬೇಕು. ಮಂಗಳೂರು, ಮಲ್ಪೆ ಬಂದರುಗಳಲ್ಲಿ ಬಲೆಗೆ ಬೀಳುವ ಚೂಪು ಹಲ್ಲಿನ ದೊಡ್ಡ ಕಡಲ ಹಾವುಮೀನು ಜೀವನವಿಡೀ ಕಡಲಿನಲ್ಲಿಯೇ ಇರುತ್ತದೆ.

ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಲ್ಲಿ ನಿಜವಾದ ಹಾವುಮೀನಿನ ಎರಡು ಜಾತಿಗಳಿವೆ. ‘ಅಂಗ್ವಿಲ್ಲಾ ಬೆಂಗಾಲೆನ್ಸಿಸ್’ ಮೈಮೇಲೆ ಕಂದು ಮಚ್ಚೆಗಳುಳ್ಳದ್ದು, 2 ಮೀಟರ್‌ವರೆಗೂ ಬೆಳೆಯಬಲ್ಲದು. ಇದರ ಬೆನ್ನಿನ ರೆಕ್ಕೆ ಗುದದ್ವಾರಕ್ಕಿಂತ ಬಹಳ ಮುಂದೆಯೇ ಆರಂಭವಾಗುತ್ತದೆ. ‘ಅಂಗ್ವಿಲ್ಲಾ ಬೈಕಲರ್’ ಮಚ್ಚೆಯಿಲ್ಲದ, ಮೇಲೆ ಗಾಢ ಮತ್ತು ಕೆಳಗೆ ತಿಳಿ ಬಣ್ಣದ, ಇನ್ನೂ ಚಿಕ್ಕ ಜಾತಿ. ಅದರ ಬೆನ್ನಿನ ರೆಕ್ಕೆ ಹೆಚ್ಚುಕಡಿಮೆ ಗುದದ್ವಾರದ ನೇರಕ್ಕೇ ಆರಂಭವಾಗುತ್ತದೆ. ಮೊದಲನೆಯದು ಘಟ್ಟದ ಬುಡದ ಕಲ್ಲುಹೊಳೆಗಳವರೆಗೂ ಏರುತ್ತದೆ. ಎರಡನೆಯದು ಸಾಮಾನ್ಯವಾಗಿ ಅಳಿವೆ ಮತ್ತು ತಗ್ಗುಪ್ರದೇಶದ ನೀರನ್ನು ಇಷ್ಟಪಡುತ್ತದೆ.

ಹತ್ತುಮೀನಿಗೆ ವಿರುದ್ಧ ದಿಕ್ಕು

ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಮೀನು ಹತ್ತುವುದನ್ನು ಮಲೆನಾಡಿನಲ್ಲಿ ಹತ್ತುಮೀನು ಎನ್ನುತ್ತಾರೆ. ಲಾಟೀನು, ಕತ್ತಿ, ಕೂಣಿ ಹಿಡಿದು ರಾತ್ರಿ ಹೊರಡುವ ಸಂಭ್ರಮ ಎಲ್ಲರಿಗೂ ಗೊತ್ತಿದೆ. ಆ ಮೀನುಗಳು ಏರುವುದು ತೆಳುನೀರಿನಲ್ಲಿ ಮೊಟ್ಟೆಯಿಡುವುದಕ್ಕಾಗಿ. ಹಾವುಮೀನಿನ ಲೆಕ್ಕ ಇದಕ್ಕೆ ಸಂಪೂರ್ಣ ತಿರುವು. ಅದು ಏರುವುದು ಮರಿಯಾಗಿ, ಬೆಳೆಯುವುದಕ್ಕಾಗಿ. ಇಳಿಯುವುದು ಪ್ರೌಢವಾಗಿ, ಮೊಟ್ಟೆಯಿಡುವುದಕ್ಕಾಗಿ. ಹತ್ತುಮೀನನ್ನು ಹಿಡಿಯುವಾಗ ಕಾಯ್ದುಕೊಳ್ಳಬೇಕಾದ ಎಚ್ಚರವನ್ನು ಹಾವುಮೀನಿನ ವಿಷಯದಲ್ಲಿ ನೀರು ಇಳಿಯುವ ದಿಕ್ಕಿನಲ್ಲಿ ವಹಿಸಬೇಕಾಗುತ್ತದೆ.

ಜೀವನಚಕ್ರ ಹೀಗಿದೆ. ಕಡಲಿನ ಆಳದಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಯು ವಿಲೋ ಮರದ ಎಲೆಯಂತೆ ಚಪ್ಪಟೆಯಾಗಿ, ಗಾಜಿನಂತೆ ಪಾರದರ್ಶಕವಾಗಿರುತ್ತದೆ. ಇದನ್ನು ಎಲೆಮರಿ ಎಂದು ಕರೆಯೋಣ. ಪ್ರವಾಹದೊಡನೆ ತೇಲುತ್ತ ದಡದ ಬಳಿಗೆ ಬರುವಷ್ಟರಲ್ಲಿ ದೇಹ ಕುಗ್ಗಿ ದುಂಡಾಗುತ್ತದೆ. ಸುಮಾರು 5 ಸೆಂ.ಮೀ. ಉದ್ದದ ಈ ಹಂತವೇ ಗಾಜುಮರಿ. ಅಳಿವೆಯನ್ನು ಹೊಕ್ಕ ಬಳಿಕ ಬಣ್ಣ ಮೂಡುತ್ತದೆ. ಈ ಚಿಕ್ಕ ಮರಿಗಳು ಒದ್ದೆಯಾದ ಒರಟು ಬಂಡೆಯನ್ನು ನೇರವಾಗಿಯೇ ಏರಬಲ್ಲವು; ತೇವದ ಅಂಟು ಅವುಗಳ ತೂಕವನ್ನು ಹಿಡಿದಿಡುತ್ತದೆ. ಬೆಳೆದ ಮೇಲೆ ಈ ಸಾಮರ್ಥ್ಯ ಕಳೆದುಹೋಗುತ್ತದೆ. ನಂತರ ಹಳದಿ-ಕಂದು ಬಣ್ಣದ ಬೆಳೆಯುವ ಹಂತ. ಇದೇ ಅತಿ ದೀರ್ಘವಾದದ್ದು. ಹಲವು ವರ್ಷಗಳ ಕಾಲ ಒಂದೇ ತೋಡು, ಒಂದೇ ಗುಂಡಿಯಲ್ಲಿ ಹಗಲು ಅಡಗಿ, ರಾತ್ರಿ ಏಡಿ, ಸಿಗಡಿ, ಕಪ್ಪೆ, ಹುಳು, ಚಿಕ್ಕ ಮೀನುಗಳನ್ನು ತಿಂದು ಬೆಳೆಯುತ್ತದೆ. ಬದು ಕೊರೆಯುವ ಏಡಿಯನ್ನು ತಿನ್ನುವ ಜೀವಿಯ ಮೇಲೆಯೇ ಬದು ಕೊರೆದ ದೂರು ಬಂದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಗಂಡು-ಹೆಣ್ಣಿನ ನಿರ್ಧಾರವೂ ಈ ಹಂತದಲ್ಲಿಯೇ ಆಗುತ್ತದೆ. ಮರಿಗಳು ಒತ್ತೊತ್ತಾಗಿರುವಲ್ಲಿ ಗಂಡುಗಳು ಹೆಚ್ಚು, ವಿರಳವಾಗಿರುವ ಮೇಲ್ಹೊಳೆಗಳಲ್ಲಿ ಹೆಣ್ಣುಗಳು ಹೆಚ್ಚು. ಗಂಡು ಚಿಕ್ಕದಾಗಿಯೇ ಉಳಿದು ಬೇಗ ಕಡಲಿಗೆ ಮರಳುತ್ತದೆ. ಹೆಣ್ಣು ವರ್ಷಗಟ್ಟಲೆ ಬೆಳೆದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಆದುದರಿಂದ ಗುಂಡಿಯಲ್ಲಿ ಸಿಕ್ಕ ತೋಳು ಗಾತ್ರದ ಹಾವುಮೀನು ಬಹುತೇಕ ಹೆಣ್ಣೇ ಆಗಿರುತ್ತದೆ.

ಕೊನೆಯ ಹಂತದಲ್ಲಿ ಬೆನ್ನು ಕಪ್ಪಾಗಿ ಹೊಟ್ಟೆ ಬೆಳ್ಳಿಯಂತೆ ಹೊಳೆಯತೊಡಗುತ್ತದೆ, ಕಣ್ಣುಗಳು ಗಮನಾರ್ಹವಾಗಿ ದೊಡ್ಡದಾಗುತ್ತವೆ, ಕರುಳು ಕುಗ್ಗುತ್ತದೆ. ಇನ್ನು ಮುಂದೆ ಅದು ಆಹಾರ ತೆಗೆದುಕೊಳ್ಳುವುದಿಲ್ಲ. ಹೊಳೆ ಏರಿದ ಕತ್ತಲೆಯ ರಾತ್ರಿಗಳಲ್ಲಿ ಕೆಳಕ್ಕೆ ಹೊರಡುತ್ತದೆ. ಕಡಲಿನಲ್ಲಿ ಕ್ರಮಿಸುವ ದಾರಿಯುದ್ದಕ್ಕೂ ಮೈಯಲ್ಲಿ ಕೂಡಿಟ್ಟ ಕೊಬ್ಬೇ ಇಂಧನ, ಅದೇ ಮೊಟ್ಟೆಗೂ ಬಂಡವಾಳ. ಯುರೋಪಿನ ಹಾವುಮೀನಿಗೆ ಉಪಕರಣ ಕಟ್ಟಿ ಗಮನಿಸಿದಾಗ ಅದು ರಾತ್ರಿ ಸುಮಾರು 200-300 ಮೀಟರ್ ಆಳದಲ್ಲಿಯೂ ಹಗಲು 500 ಮೀಟರಿಗೂ ಕೆಳಗೆ ಇಳಿದೂ ಈಜುತ್ತದೆಂದು ತಿಳಿದುಬಂದಿದೆ.

ಈ ತಿಳಿವಳಿಕೆ ಸುಲಭವಾಗಿ ಬಂದದ್ದಲ್ಲ. ಗ್ರೀಸಿನ ಅರಿಸ್ಟಾಟಲ್ ಹಾವುಮೀನು ಕೆಸರಿನಿಂದಲೇ ಹುಟ್ಟುತ್ತದೆಂದು ನಂಬಿದ್ದನು. ಮುಂದೆ ಮನೋವಿಶ್ಲೇಷಣೆಗೆ ಹೆಸರಾದ ಸಿಗ್ಮಂಡ್ ಫ್ರಾಯ್ಡ್ 1876ರಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಟ್ರಿಯೆಸ್ಟ್ ನಗರದಲ್ಲಿ ಸುಮಾರು 400 ಹಾವುಮೀನುಗಳನ್ನು ಕೊಯ್ದು ಅವುಗಳ ವೃಷಣಗಳನ್ನು ಹುಡುಕಿದ್ದನು. ಎಲೆಮರಿಯನ್ನು 1856ರಲ್ಲಿ ಬೇರೆಯೇ ಮೀನೆಂದು ಹೆಸರಿಸಲಾಗಿತ್ತು. ಅದು ಹಾವುಮೀನಿನದೇ ಮರಿಯೆಂದು ಇಟಲಿಯ ಗ್ರಾಸಿ ಮತ್ತು ಕಲಾಂದ್ರುಚ್ಚಿಯೊ ತೋರಿಸಿದ್ದು 40 ವರ್ಷಗಳ ಬಳಿಕ. ಡೆನ್ಮಾರ್ಕಿನ ಯೋಹಾನ್ನೆಸ್ ಶ್ಮಿಟ್ 1904ರಿಂದ ಅಟ್ಲಾಂಟಿಕ್ ಸಾಗರದಲ್ಲಿ ಹೆಚ್ಚು ಹೆಚ್ಚು ಚಿಕ್ಕ ಎಲೆಮರಿಗಳನ್ನು ಅರಸುತ್ತ ಹೋಗಿ, 1922ರ ಹೊತ್ತಿಗೆ ಸರ್ಗಾಸೊ ಸಮುದ್ರವೇ ಯುರೋಪಿನ ಹಾವುಮೀನಿನ ತವರೆಂದು ಸಾರಿದನು. ಆತನ ವಿಧಾನ ಬೇಸಾಯದ ಸಂಶೋಧಕನಿಗೂ ಮಾದರಿಯಾಗುವಂಥದು: ಮರಿ ಎಲ್ಲಿ ಅತಿ ಚಿಕ್ಕದೋ ಅಲ್ಲಿಯೇ ಹುಟ್ಟು. ಆದರೂ ಅಲ್ಲಿ ಮೊಟ್ಟೆಯಿಡುವ ಹಾವುಮೀನನ್ನು ಯಾರೂ ಕಣ್ಣಾರೆ ಕಂಡಿಲ್ಲ. ಜಪಾನಿನ ಹಾವುಮೀನಿನ ಮೊಟ್ಟೆಗಳನ್ನು ಮಾತ್ರ ಸುಕಾಮೊಟೊ ಅವರ ತಂಡ 2009ರಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಪಶ್ಚಿಮಕ್ಕೆ ಸಂಗ್ರಹಿಸಿತು. ಹಿಂದೂ ಮಹಾಸಾಗರದ ಜಾತಿಗಳ ಎಲೆಮರಿಗಳನ್ನು 1928-30ರ ‘ಡಾನಾ’ ಹಡಗಿನ ಯಾತ್ರೆಯಲ್ಲಿ ಹಿಡಿಯಲಾಯಿತು. ಅವುಗಳ ಗಾತ್ರದಿಂದ ಸುಮಾತ್ರಾ ದ್ವೀಪದ ಪಶ್ಚಿಮದ ಆಳಕಡಲು ಒಂದು ಮೊಟ್ಟೆಯಿಡುವ ತಾಣವೆಂದು ಅಂದಾಜಿಸಲಾಯಿತು.

ಸಂಖ್ಯೆ ಏಕೆ ಕುಸಿಯಿತು?

ಯುರೋಪಿನ ಅನುಭವವನ್ನು ಇಲ್ಲಿ ಹೇಳಲೇಬೇಕು. ಅಲ್ಲಿನ ನದೀಮುಖಗಳಿಗೆ ಬರುವ ಗಾಜುಮರಿಗಳ ಪ್ರಮಾಣ 1960-70ರ ದಶಕಗಳಿಗೆ ಹೋಲಿಸಿದರೆ ಶೇ. 90ಕ್ಕೂ ಹೆಚ್ಚು ಇಳಿದಿದೆ. ಕಾರಣ ಒಂದೇ ಅಲ್ಲ. ಅಣೆಕಟ್ಟು ಮತ್ತು ತೂಬುಗಳು ಏರುವ ದಾರಿಯನ್ನು ಮುಚ್ಚಿದವು. ಜಲವಿದ್ಯುತ್ ಚಕ್ರಗಳು ಇಳಿಯುವ ತಾಯಿಮೀನುಗಳನ್ನು ತುಂಡರಿಸಿದವು. ಉದ್ದನೆಯ ದೇಹವಾದ್ದರಿಂದ ಬೇರೆ ಮೀನುಗಳಿಗಿಂತ ಇವುಗಳಿಗೆ ಪೆಟ್ಟು ಹೆಚ್ಚು. ಜೌಗುಭೂಮಿ ಒಣಗಿಸಿ ಹೊಲ ಮಾಡಿದರು. ಗಾಜುಮರಿಗಳನ್ನು ಟನ್‌ಗಟ್ಟಲೆ ಹಿಡಿದು ಮಾರಿದರು. 1980ರ ದಶಕದ ಆರಂಭದಲ್ಲಿ ಪೂರ್ವ ಏಷ್ಯಾದಿಂದ ಜೀವಂತ ಹಾವುಮೀನುಗಳೊಡನೆ ಒಂದು ದುಂಡುಹುಳು ಬಂದು ಸೇರಿ, ಅಲ್ಲಿನ ಹಾವುಮೀನುಗಳ ಗಾಳಿಚೀಲವನ್ನೇ ಹಾಳುಗೆಡವಿತು. ಆಳಕಡಲಿನಲ್ಲಿ ಏರಿಳಿದು ಈಜಬೇಕಾದ ಮೀನಿಗೆ ಗಾಳಿಚೀಲ ಕೆಟ್ಟರೆ ಪ್ರಯಾಣವೇ ಅಸಾಧ್ಯ.

ಯುರೋಪಿನ ಒಕ್ಕೂಟವು 2007ರಲ್ಲಿ ನಿಯಮ ತಂದು, ಮಾನವ ಹಸ್ತಕ್ಷೇಪವಿಲ್ಲದಿದ್ದರೆ ಕಡಲಿಗೆ ಹೋಗಬಹುದಾಗಿದ್ದ ಬೆಳ್ಳಿಹಂತದ ಮೀನುಗಳ ಶೇ. 40ರಷ್ಟಾದರೂ ಹೋಗಲು ಬಿಡಬೇಕೆಂದು ಗುರಿ ವಿಧಿಸಿತು. ಆ ಜಾತಿಯ ಅಂತರರಾಷ್ಟ್ರೀಯ ವ್ಯಾಪಾರ 2009ರಿಂದ ನಿಯಂತ್ರಣದಲ್ಲಿದೆ. ಅದು ಇಂದು ಅಳಿವಿನ ತೀವ್ರ ಅಪಾಯದಲ್ಲಿರುವ ಪಟ್ಟಿಯಲ್ಲಿದೆ. ಜಪಾನಿನ ಜಾತಿಯೂ ಅಪಾಯದ ಪಟ್ಟಿಯಲ್ಲಿದೆ. ನಮ್ಮ ಎರಡೂ ಜಾತಿಗಳು ಅಪಾಯದ ಅಂಚಿಗೆ ಬಂದಿರುವ ವರ್ಗದಲ್ಲಿವೆ. ಅಂದರೆ ಕೆಲಸ ಮಾಡಲು ಇನ್ನೂ ಕಾಲ ಮೀರಿಲ್ಲ.

ನಮ್ಮ ನದಿಗಳಲ್ಲಿ ಕಡಲಿನಿಂದ ಏರುವ ಮರಿಗೆ ಎದುರಾಗುವ ಮೊದಲ ದೊಡ್ಡ ತಡೆ ಕಾಳಿಯಲ್ಲಿ ಕದ್ರಾ, ಶರಾವತಿಯಲ್ಲಿ ಗೇರುಸೊಪ್ಪ ಅಣೆಕಟ್ಟು. ಅವುಗಳ ಮೇಲೆ ರೈತರು ಮಾಡಬಹುದಾದದ್ದು ಏನೂ ಇಲ್ಲ. ಆದರೆ ಅಣೆಕಟ್ಟಿನ ಕೆಳಗಿನ ನೂರಾರು ಉಪತೋಡುಗಳು, ಅಣೆಕಟ್ಟೇ ಇಲ್ಲದ ಅಘನಾಶಿನಿಯಂತಹ ಹೊಳೆಗಳು ಮತ್ತು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಿರುಹೊಳೆಗಳು ಇಂದಿಗೂ ಹಾವುಮೀನಿನ ನೆಲೆಗಳೇ. ಅವುಗಳ ಸ್ಥಿತಿ ಬಹುಮಟ್ಟಿಗೆ ಇಕ್ಕೆಲಗಳ ಜಮೀನಿನವರ ಕೈಯಲ್ಲಿದೆ.

ಆಹಾರವಾಗಿ ಹಾವುಮೀನು

ಪೌಷ್ಟಿಕತೆಯ ದೃಷ್ಟಿಯಿಂದ ಇದು ಶ್ರೇಷ್ಠ ಮೀನು. 100 ಗ್ರಾಂ ಹಸಿ ಮಾಂಸದಲ್ಲಿ ಸುಮಾರು 18 ಗ್ರಾಂ ಪ್ರೋಟೀನು, 11-12 ಗ್ರಾಂ ಕೊಬ್ಬು, 184 ಕಿಲೋಕ್ಯಾಲರಿ ಶಕ್ತಿ ಇರುತ್ತದೆ. ‘ಎ’ ಜೀವಸತ್ವ ಇತರ ಮೀನುಗಳಿಗಿಂತ ಬಹಳ ಹೆಚ್ಚು. ಜಪಾನಿನಲ್ಲಿ ಬೇಸಿಗೆಯ ನಿರ್ದಿಷ್ಟ ದಿನದಂದು ಹಾವುಮೀನನ್ನು ಸೀಳಿ, ಕೆಂಡದ ಮೇಲೆ ಸುಟ್ಟು, ಸಿಹಿಯಾದ ಸೋಯಾ ರಸ ಹಚ್ಚಿ ಅನ್ನದ ಮೇಲೆ ಬಡಿಸುವ ಸಂಪ್ರದಾಯವಿದೆ. ಟೋಕಿಯೊ ಕಡೆಯವರು ಬೆನ್ನಿನಿಂದ ಸೀಳಿ, ಹಬೆಯಲ್ಲಿ ಬೇಯಿಸಿ ಮತ್ತೆ ಸುಡುತ್ತಾರೆ. ಒಸಾಕಾ ಕಡೆಯವರು ಹೊಟ್ಟೆಯಿಂದ ಸೀಳಿ ನೇರವಾಗಿ ಸುಡುತ್ತಾರೆ. ನಮ್ಮಲ್ಲಿ ಬೂದಿ ಅಥವಾ ಕಲ್ಲುಪ್ಪು ಹಚ್ಚಿ ಲೋಳೆ ತೆಗೆದು, ಹುಣಸೆ, ಇಲ್ಲವೆ ವಾಟೆಹುಳಿ ಹಾಕಿ ಕಾರದ ಸಾರು ಮಾಡುವುದು ರೂಢಿ. ಕೊಬ್ಬಿನ ಮೀನಿಗೆ ಹುಳಿ ಚೆನ್ನಾಗಿ ಒಗ್ಗುತ್ತದೆ.

ಒಂದು ಎಚ್ಚರಿಕೆಯನ್ನು ಎಲ್ಲ ವಿಸ್ತರಣಾ ಕಾರ್ಯಕರ್ತರೂ ತಪ್ಪದೆ ತಿಳಿಸಬೇಕು. ಹಾವುಮೀನಿನ ಹಸಿ ರಕ್ತ ವಿಷಕಾರಿ. ಅದರಲ್ಲಿರುವ ಒಂದು ಪ್ರೋಟೀನು ಕಣ್ಣಿಗೆ ಸಿಡಿದರೆ ತೀವ್ರ ಉರಿ ಮತ್ತು ಊತ ಉಂಟಾಗುತ್ತದೆ. ಕೈಯಲ್ಲಿ ಗಾಯವಿದ್ದರೆ ಅಲ್ಲಿಯೂ ಉರಿಯುತ್ತದೆ. ಚೆನ್ನಾಗಿ ಬೇಯಿಸಿದಾಗ ಈ ವಿಷ ನಾಶವಾಗುವುದರಿಂದ ಬೆಂದ ಮಾಂಸ ನಿರಪಾಯಕಾರಿ. ಕೊಯ್ಯುವವರು ಕೈಯನ್ನು ಕಣ್ಣಿಗೆ ತಾಗಿಸದೆ, ಕೆಲಸ ಮುಗಿದ ಕೂಡಲೇ ಸಾಬೂನಿನಿಂದ ತೊಳೆಯಬೇಕು. ಕಣ್ಣಿಗೆ ಸಿಡಿದರೆ ಧಾರಾಳ ಶುದ್ಧ ನೀರಿನಿಂದ ತೊಳೆದು ವೈದ್ಯರನ್ನು ಕಾಣತಕ್ಕದ್ದು. ಈಶಾನ್ಯ ಭಾರತದಲ್ಲಿ ರಕ್ತಹೀನತೆಗೆ ಮದ್ದೆಂದು ಕೆಸರುಹಾವುಮೀನಿನ ಹಸಿ ರಕ್ತ ಕುಡಿಯುವ ಪದ್ಧತಿಯಿದೆ. ನಮ್ಮಲ್ಲಿಯೂ ಹಾವುಮೀನಿಗೆ ಔಷಧಿಯ ಗುಣಗಳನ್ನು ಆರೋಪಿಸುವವರಿದ್ದಾರೆ. ಯಾವ ಜಾತಿಯದಾದರೂ ಹಸಿ ರಕ್ತ, ಹಸಿ ಮಾಂಸವನ್ನು ಖಂಡಿತ ಸೇವಿಸಬಾರದು. ಅರೆಬೆಂದ ಕೆಸರುಹಾವುಮೀನಿನಿಂದ ಮನುಷ್ಯನ ಚರ್ಮದಡಿಯಲ್ಲಿ ಹರಿದಾಡುವ ಹುಳುವಿನ ಸೋಂಕು ತಗಲುವುದು ಆಗ್ನೇಯ ಏಷ್ಯಾದ ದೇಶಗಳಲ್ಲಿ ಕಂಡುಬಂದಿದೆ. ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ದೊರೆಯುತ್ತದೆ.

ಎರಡನೆಯ ಎಚ್ಚರಿಕೆ ಕೊಬ್ಬಿಗೆ ಸಂಬಂಧಿಸಿದ್ದು. ಕೊಬ್ಬಿನಲ್ಲಿ ಕರಗಿ ನಿಲ್ಲುವ ಡಿಡಿಟಿ, ಎಂಡೋಸಲ್ಫಾನ್‌ನಂತಹ ಕ್ಲೋರಿನ್‌ಯುಕ್ತ ಕೀಟನಾಶಕಗಳು ಮತ್ತು ಕೈಗಾರಿಕಾ ವಿಷಗಳು ಹಾವುಮೀನಿನಲ್ಲಿ ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತವೆ, ಏಕೆಂದರೆ ಅದು ದೀರ್ಘಾಯು, ಮಾಂಸಾಹಾರಿ ಮತ್ತು ಒಂದೇ ಜಾಗ ಬಿಡದ ಜೀವಿ. ನೆದರ್ಲೆಂಡ್ಸ್ ದೇಶವು 2011ರಲ್ಲಿ ತನ್ನ ಪ್ರಮುಖ ನದಿಗಳಲ್ಲಿ ಹಾವುಮೀನು ಹಿಡಿಯುವುದನ್ನು ಇದೇ ಕಾರಣಕ್ಕೆ ನಿಲ್ಲಿಸಿತು. ನಮ್ಮಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆದದ್ದೂ ಅದೇ ವರ್ಷ. ಪಟ್ಟಣದ ಚರಂಡಿ ಅಥವಾ ಕಾರ್ಖಾನೆಯ ತ್ಯಾಜ್ಯ ಸೇರುವ ತೋಡಿನ ದೊಡ್ಡ ಹಾವುಮೀನನ್ನು ತಿನ್ನದಿರುವುದೇ ಲೇಸು.

ಸಾಕಣೆಯ ಆಮಿಷ

ಕಳೆದ ಕೆಲವು ವರ್ಷಗಳಿಂದ ಹಾವುಮೀನು ಸಾಕಣೆಯ ಬಗ್ಗೆ ದೂರವಾಣಿ ಕರೆಗಳು ಬರುತ್ತಿವೆ. ತೊಟ್ಟಿ ಕಟ್ಟಿಸಿ, ಮರಿ ಖರೀದಿಸಿ, ಬೆಳೆದ ಮೇಲೆ ನಾವೇ ಕೊಳ್ಳುತ್ತೇವೆ ಎಂದು ಮಧ್ಯವರ್ತಿಗಳು ಆಸೆ ತೋರಿಸುತ್ತಾರೆ. ಎಮು, ಔಷಧಿ ಸಸ್ಯಗಳ ಹಾದಿಯಲ್ಲಿ ಒಮ್ಮೆ ಪೆಟ್ಟು ತಿಂದ ರೈತರೇ ಮತ್ತೆ ಕೇಳುವುದನ್ನು ಕಂಡಾಗ ಬೇಸರವಾಗುತ್ತದೆ. ಆದ್ದರಿಂದ ನೇರವಾಗಿ ಹೇಳಬಯಸುತ್ತೇನೆ.

ಹಾವುಮೀನು ತೊಟ್ಟಿಯಲ್ಲಿ ಬೆಳೆಯುತ್ತದೆ, ಆದರೆ ತೊಟ್ಟಿಯಲ್ಲಿ ತಾನಾಗಿ ಮರಿ ಹಾಕುವುದಿಲ್ಲ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾನಿಲಯದಲ್ಲಿ 1973ರಲ್ಲಿ ಹಾರ್ಮೋನು ಚುಚ್ಚುಮದ್ದಿನಿಂದ ಮೊದಲ ಬಾರಿಗೆ ಮೊಟ್ಟೆ ಒಡೆಸಲಾಯಿತು. ಆ ಎಲೆಮರಿಗಳಿಗೆ ಏನು ತಿನ್ನಿಸಬೇಕೆಂದು ತಿಳಿಯಲು ಮತ್ತೆ ದಶಕಗಳು ಹಿಡಿದವು. ಕೊನೆಗೆ ಶಾರ್ಕ್ ಮೀನಿನ ಮೊಟ್ಟೆಯ ಪುಡಿಯನ್ನು ಆಧರಿಸಿದ ಆಹಾರ ಫಲಕೊಟ್ಟಿತು. ತೊಟ್ಟಿಯಲ್ಲಿ ಹುಟ್ಟಿದ ಮೀನಿನಿಂದ ಮತ್ತೊಂದು ಪೀಳಿಗೆ ಪಡೆದದ್ದು 2010ರಲ್ಲಿ. ಹೀಗಿದ್ದರೂ ಜಪಾನಿನ ಸಾಕಣೆದಾರರು ಅವಲಂಬಿಸಿರುವುದು ನದೀಮುಖದಲ್ಲಿ ಹಿಡಿದ ಗಾಜುಮರಿಗಳನ್ನೇ. ಕೋಳಿ ಸಾಕಣೆಗೆ ಮರಿ ಕೇಂದ್ರವಿದ್ದಂತೆ ಹಾವುಮೀನಿಗೆ ಮರಿ ಕೇಂದ್ರವಿಲ್ಲ. ಯಾರಾದರೂ ಮರಿ ತಂದುಕೊಟ್ಟರೆ ಅದು ಯಾವುದೋ ಅಳಿವೆಯಲ್ಲಿ ಹಿಡಿದದ್ದೇ ಅಥವಾ ಕಳ್ಳಸಾಗಣೆಯದ್ದೇ ಆಗಿರುತ್ತದೆ, ಇಲ್ಲವೆ ಅದು ಹಾವುಮೀನೇ ಆಗಿರುವುದಿಲ್ಲ. ಕೆಸರುಹಾವುಮೀನಿನ ಮರಿ ತೋರಿಸಿ ನಿಜವಾದ ಹಾವುಮೀನಿನ ಬೆಲೆ ಹೇಳುವ ಪ್ರಕರಣವೊಂದನ್ನು ಕಣ್ಣಾರೆ ಕಂಡಿದ್ದೇನೆ. ಎದೆರೆಕ್ಕೆ ಇದೆಯೇ ಎಂದು ನೋಡಿ ಎಂದು ಆ ರೈತರಿಗೆ ಹೇಳಿದೆ. ಇರಲಿಲ್ಲ. ಮುಂಗಡ ಮಾತ್ರ ಆಗಲೇ ಕೈಬಿಟ್ಟಿತ್ತು.

ಇದಲ್ಲದೆ ಆಹಾರವೂ ದುಬಾರಿ. ಹಾವುಮೀನು ಮಾಂಸಾಹಾರಿಯಾದ್ದರಿಂದ ಮೀನುಪುಡಿಯೇ ಪ್ರಧಾನವಾದ, ಪ್ರೋಟೀನು ಅಧಿಕವಾದ ಆಹಾರ ಬೇಕು. ಕಟ್ಲಾ, ರೋಹುಗಳಂತೆ ಹಿಂಡಿ-ತೌಡಿನಲ್ಲಿ ಬೆಳೆಯುವುದಿಲ್ಲ. ತೇವವಿದ್ದರೆ ಗೋಡೆ ಏರಿ ಹೋಗುತ್ತದೆ. ವಿದೇಶಿ ಜಾತಿಯನ್ನು ಅನುಮತಿಯಿಲ್ಲದೆ ತರುವುದು ಅಪರಾಧ, ಮತ್ತು ಯುರೋಪಿಗೆ ದುಂಡುಹುಳು ಬಂದ ದಾರಿಯೂ ಅದೇ. ಕೃಷಿಹೊಂಡ ಇರುವವರು ಮೀನು ಸಾಕಬಯಸಿದರೆ ಗೆಂಡೆ ಜಾತಿಗಳ ಮಿಶ್ರಸಾಕಣೆಯೇ ಸೂಕ್ತ.

ಜಮೀನಿನಲ್ಲಿ ಅನುಸರಿಸಬೇಕಾದ ಕ್ರಮಗಳು

ಮೊದಲನೆಯದು ಬೋರ್ಡೊ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೊ, ಅಂದರೆ 1 ಕಿ.ಗ್ರಾಂ ಮೈಲುತುತ್ತು, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು, ಮುಂಗಾರಿನ ಆರಂಭದಲ್ಲಿ ಮತ್ತು 40-45 ದಿನಗಳ ಬಳಿಕ ಸಿಂಪಡಿಸುವುದು ನಮ್ಮದೇ ಶಿಫಾರಸು; ಅದನ್ನು ಬಿಡಬೇಕೆಂದು ಹೇಳುತ್ತಿಲ್ಲ. ಆದರೆ ತಾಮ್ರ ಮೀನುಗಳಿಗೆ ಘೋರ ವಿಷ, ಮತ್ತು ಸಿಂಪಡಣೆಯ ಕಾಲವೇ ಹೊಳೆ ಏರಿ ತಾಯಿ ಹಾವುಮೀನುಗಳು ಇಳಿಯುವ ಕಾಲ. ಡ್ರಮ್ಮು, ಪಂಪು, ಪೈಪುಗಳನ್ನು ತೋಡಿನಲ್ಲಿ ತೊಳೆಯುವ ಅಭ್ಯಾಸವನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ತೊಳೆದ ನೀರನ್ನು ತೋಡಿನಿಂದ ದೂರದ ಮಣ್ಣಿನ ಗುಂಡಿಗೆ ಸುರಿಯಿರಿ. ಅಂದಂದಿಗೆ ಬೇಕಾದಷ್ಟನ್ನೇ ತಯಾರಿಸಿದರೆ ಉಳಿಯುವ ಪ್ರಶ್ನೆಯೇ ಬರುವುದಿಲ್ಲ.

ಭತ್ತದಲ್ಲಿ ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕಗಳು ಮೀನಿಗೆ ಅತ್ಯಂತ ಹಾನಿಕರ. ಕೀಟದ ಸಂಖ್ಯೆ ಆರ್ಥಿಕ ಹಾನಿಮಟ್ಟ ಮುಟ್ಟಿದೆಯೇ ಎಂದು ಎಣಿಸಿ ನೋಡದೆ ಸಿಂಪಡಿಸಬಾರದು. ಸಿಂಪಡಿಸಿದ ಮೇಲೆ ಒಂದು ವಾರವಾದರೂ ಗದ್ದೆಯ ನೀರನ್ನು ಕಾಲುವೆಗೆ ಬಿಡಬಾರದು. ಭಾರಿ ಮಳೆಯ ಮುನ್ಸೂಚನೆ ಇದ್ದರೆ ಸಿಂಪಡಣೆಯನ್ನೇ ಮುಂದೂಡಬೇಕು. ಇದರಿಂದ ಔಷಧಿಯ ಖರ್ಚೂ ವ್ಯರ್ಥವಾಗುವುದಿಲ್ಲ.

ಕಿಂಡಿ ಅಣೆಕಟ್ಟುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಿದೆ. ಹಿಂಗಾರಿನ ಬೆಳೆಗೆ, ತೋಟದ ಬಾವಿಗಳ ಮರುಪೂರಣಕ್ಕೆ ಅವು ಅಗತ್ಯ. ಹಲಗೆ ಹಾಕಿದ ಮೇಲೆ ಕೆಳಗಿನಿಂದ ಬರುವ ಮರಿ ಅಲ್ಲಿಯೇ ನಿಲ್ಲುತ್ತದೆ. ಉಷ್ಣವಲಯದ ಹಾವುಮೀನುಗಳ ಮರಿಗಳು ವರ್ಷದ ಬಹುಕಾಲ ಅಳಿವೆಗೆ ಬರುತ್ತಿರುತ್ತವೆ. ಇದಕ್ಕೆ ನ್ಯೂಜಿಲೆಂಡಿನ ರೈತರು ಮತ್ತು ನದಿ ನಿರ್ವಾಹಕರು ಬಹಳ ಅಗ್ಗದ ಉಪಾಯವನ್ನು ಬಳಸುತ್ತಿದ್ದಾರೆ. ಕಡಲಚಿಪ್ಪಿನ ಕೃಷಿಯಲ್ಲಿ ಬಳಸುವ ನಾರುನಾರಾದ ಹಗ್ಗವನ್ನು ಮೋರಿ ಮತ್ತು ಒಡ್ಡುಗಳ ಮೇಲಿಂದ ಕೆಳಗಿನ ನೀರಿಗೆ ಮುಟ್ಟುವಂತೆ ಇಳಿಬಿಡುತ್ತಾರೆ. ಮರಿಗಳು ಒದ್ದೆ ಹಗ್ಗವನ್ನು ಹಿಡಿದು ಏರಿ ಹೋಗುತ್ತವೆ. ನಮ್ಮಲ್ಲಿ ತೆಂಗಿನ ನಾರಿನ ದಪ್ಪ ಹಗ್ಗಕ್ಕೆ ಕೊರತೆಯಿಲ್ಲ. ಅಣೆಕಟ್ಟಿನ ಒಂದು ಅಂಚಿನ ಕಿಂಡಿಯಲ್ಲಿ, ಮೇಲಿನ ಹಲಗೆಯಿಂದ ತೆಳುವಾಗಿ ನೀರು ಜಿನುಗುವಂತೆ ಬಿಟ್ಟು, ಮೂರು-ನಾಲ್ಕು ಹಗ್ಗಗಳನ್ನು ಜಡೆಯಂತೆ ಹೆಣೆದು ಕಟ್ಟಿ, ತುದಿಯು ಕೆಳಗಿನ ನೀರಿನಲ್ಲಿ ಮುಳುಗಿರುವಂತೆ ನೋಡಿಕೊಂಡರೆ ಸಾಕು. ಹಗ್ಗ ಒಣಗಬಾರದು, ನೀರಿನ ರಭಸವೂ ಹೆಚ್ಚಿರಬಾರದು. ನಷ್ಟವಾಗುವ ನೀರು ಅತ್ಯಲ್ಪ. ನೀರು ಬಳಕೆದಾರರ ಸಂಘಗಳು ಹಲಗೆ ಹಾಕುವ ದಿನವೇ ಇದನ್ನು ಮಾಡಿ ನೋಡಬಹುದು. ಮಳೆಗಾಲದ ಮೊದಲು ಹಲಗೆಗಳನ್ನು ಸಕಾಲದಲ್ಲಿ ತೆಗೆಯುವುದು ಅಷ್ಟೇ ಮುಖ್ಯ. ತಡಮಾಡಿದರೆ ಇಳಿಯುವ ಮೀನಿಗೂ ಅಡ್ಡಿ, ನೆರೆ ಬಂದಾಗ ಅಣೆಕಟ್ಟಿಗೂ ಅಪಾಯ.

ಕುಮಟಾ ಭಾಗದ ಗಜನಿ ಭೂಮಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಮೀನು-ಸಿಗಡಿ ಪಡೆಯುವ ರೈತರಿಗೆ ಒಂದು ಮಾತು: ತೂಬಿಗೆ ಕಟ್ಟುವ ಬಲೆಯಲ್ಲಿ ದಾರದಷ್ಟು ತೆಳುವಾದ ಗಾಜಿನಂತಹ ಮರಿಗಳು ಕಂಡರೆ ಅವು ಕಸವಲ್ಲ. ಕೊಡವಿ ನೀರಿಗೇ ಬಿಡಿ. ತೋಡಿನಿಂದ ನೀರೆತ್ತುವ ಪಂಪುಗಳ ಫುಟ್‌ವಾಲ್ವಿಗೆ ಸಣ್ಣ ಕಣ್ಣಿನ ಬಲೆ ಸುತ್ತಿದರೆ ಮರಿಗಳೂ ಉಳಿಯುತ್ತವೆ, ತುಂತುರು ನೀರಾವರಿಯ ನಳಿಕೆಗಳೂ ಕಟ್ಟಿಕೊಳ್ಳುವುದಿಲ್ಲ.

ಬೇಸಿಗೆಯ ಗುಂಡಿಗಳಿಗೆ ಬ್ಲೀಚಿಂಗ್ ಪುಡಿ, ಮೈಲುತುತ್ತು ಅಥವಾ ಕೀಟನಾಶಕ ಸುರಿದು, ತೋಟೆ ಸಿಡಿಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯ ಕಾಲದಿಂದಲೂ ಅಪರಾಧ. ಹಾವುಮೀನಿನ ಮಟ್ಟಿಗೆ ಇದರ ನಷ್ಟ ಬೇರೆ ಮೀನುಗಳಿಗಿಂತ ದೊಡ್ಡದು. ಕೀಜನ್, ಗೊಜ್ಜಳೆಗಳು ಒಂದೆರಡು ಮಳೆಗಾಲದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಹತ್ತಾರು ವರ್ಷ ಬೆಳೆದ ಹೆಣ್ಣು ಹಾವುಮೀನಿನ ಜಾಗಕ್ಕೆ ಕಡಲಿನಿಂದ ಮರಿ ಬಂದು, ಏರಿ, ಮತ್ತೆ ಅಷ್ಟೇ ವರ್ಷ ಬೆಳೆಯಬೇಕು.

ತಿನ್ನಲು ಹಿಡಿಯುವವರಿಗೆ ನನ್ನ ಸಲಹೆ ಇಷ್ಟು. ಬೇಸಿಗೆಯಲ್ಲಿ ಗಾಳ ಅಥವಾ ಕೂಣಿಯಿಂದ, ಹಳದಿ-ಕಂದು ಬಣ್ಣದ ಮಧ್ಯಮ ಗಾತ್ರದ್ದನ್ನು, ಮನೆಗೆ ಬೇಕಾದಷ್ಟು ಮಾತ್ರ ಹಿಡಿಯಿರಿ. ಮಳೆಗಾಲದ ನೆರೆಯಲ್ಲಿ ಕೆಳಮುಖವಾಗಿ ಸಾಗುವ, ಹೊಟ್ಟೆ ಬೆಳ್ಳಗಾಗಿ ಕಣ್ಣು ದೊಡ್ಡದಾದ ಹಾವುಮೀನು ಕೂಣಿಗೆ ಬಿದ್ದರೆ ಬಿಟ್ಟುಬಿಡಿ. ಅದರ ಕೊಬ್ಬು ರುಚಿಯಾಗಿರುತ್ತದೆಂಬುದು ನಿಜ. ಆ ಕೊಬ್ಬು ಸಾವಿರಾರು ಕಿ.ಮೀ. ದಾರಿಯ ಬುತ್ತಿ. ಕಿರುಬೆರಳಿಗಿಂತ ತೆಳುವಾದ ಮರಿಗಳನ್ನೂ ಹಿಡಿಯಬಾರದು. ಬಾವಿಯಲ್ಲಿ ಹಾವುಮೀನು ಸಿಕ್ಕರೆ ಕೊಲ್ಲುವ ಅಗತ್ಯವಿಲ್ಲ. ಸ್ವೀಡನ್ನಿನಲ್ಲಿ ಕುಡಿಯುವ ನೀರಿನ ಹುಳುಹುಪ್ಪಟೆ ತಿನ್ನಲೆಂದು ಬಾವಿಗೆ ಹಾವುಮೀನು ಬಿಡುವ ರೂಢಿಯೇ ಇತ್ತು. ಆದರೆ ಬಾವಿಯಲ್ಲಿರುವುದು ಎಂದಿಗೂ ಕಡಲು ಸೇರಲಾರದು. ಮಳೆಗಾಲದಲ್ಲಿ ಬುಟ್ಟಿಯಲ್ಲಿ ಎತ್ತಿ ಹತ್ತಿರದ ಹೊಳೆಗೆ ಬಿಟ್ಟರೆ ಒಳ್ಳೆಯದು.

ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯಲ್ಲಿ ಹಾವುಮೀನು ಅಥವಾ ಗಾಜುಮರಿ ಕಂಡ ವರದಿ ಬಂದಾಗ ಹೊಳೆಯ ಹೆಸರು, ಸ್ಥಳ, ದಿನಾಂಕ, ಉದ್ದ, ಮೈಮೇಲೆ ಮಚ್ಚೆ ಇದೆಯೇ ಇಲ್ಲವೇ, ಬೆನ್ನಿನ ರೆಕ್ಕೆ ಎಲ್ಲಿಂದ ಆರಂಭವಾಗಿದೆ ಮತ್ತು ಹೊಟ್ಟೆಯ ಬಣ್ಣ ಇವಿಷ್ಟನ್ನು ಬರೆದು, ಪಕ್ಕಕ್ಕೆ ಅಳತೆಪಟ್ಟಿ ಇಟ್ಟು ತೆಗೆದ ಒಂದು ಛಾಯಾಚಿತ್ರದೊಡನೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳುಹಿಸಿಕೊಡಬೇಕು. ಕಿಂಡಿ ಅಣೆಕಟ್ಟಿಗೆ ನಾರಿನ ಹಗ್ಗ ಕಟ್ಟಿದವರು ರಾತ್ರಿ ಎಂಟು ಗಂಟೆಯ ಮೇಲೆ ಟಾರ್ಚು ಹಿಡಿದು ಹೋಗಿ ನೋಡಿ. ಮರಿಗಳು ಏರುವುದು ಕತ್ತಲಾದ ಮೇಲೆಯೇ.